ಹರಿದ ಜೇಬಿಗೆ ಬಂದ ಉತ್ತರ

ಜೂನ್ 4

ಅಕ್ಕ,

ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ಒಬ್ಬಳ ಮಾತು ಮುಗಿಯುವವರೆಗೆ ಇನ್ನೊಬ್ಬಳು ತಾಳಲೇಬೇಕು. ಆದ್ದರಿಂದ ಬರೆಯುತ್ತಿದ್ದೇನೆ.

ಅಮ್ಮ ಹೋಗಿ ಮೂರು ತಿಂಗಳಾದವು. ನೀನು ಎಲ್ಲ ಮುಗಿದ ಮೇಲೆ ಬಂದು, ಅವಳ ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಒಂದು ಗಂಟೆ ಕೂತು, ನೀರನ್ನೂ ಮುಟ್ಟದೆ ಹೊರಟುಹೋದೆಯಲ್ಲ, ಆ ದಿನವೇ ನಿನಗೆ ಹೇಳಬೇಕೆಂದಿದ್ದ ಸಂಗತಿಯೊಂದಿದೆ. ಆರು ವರ್ಷದ ಹಿಂದೆ ನೀನು ಮನೆಬಿಟ್ಟು ಹೋಗುವ ಮುಂಚಿನಿಂದಲೂ, ಒಟ್ಟು ಹನ್ನೊಂದು ವರ್ಷ, ಅಮ್ಮ ಒಂದು ಪ್ರಶ್ನೋತ್ತರದ ಜಾಲತಾಣದಲ್ಲಿ ಬರೆಯುತ್ತಿದ್ದಳು. ಹೊಲಿಗೆಯ ಬಗ್ಗೆ, ಹೊಲಿಗೆ ಯಂತ್ರದ ಬಗ್ಗೆ ಯಾರು ಏನು ಕೇಳಿದರೂ ಅವಳ ಉತ್ತರ ಸಿದ್ಧ. ಅಲ್ಲಿ ಅವಳ ಹೆಸರು 'ಎಣ್ಣೆ ಡಬ್ಬಿ'. ಯಂತ್ರದ ಬಗ್ಗೆ ಏನೇ ಕೇಳಲಿ, "ಮೊದಲು ಎಣ್ಣೆ ಬಿಡಿ, ಆಮೇಲೆ ಮಾತಾಡೋಣ" ಎಂದೇ ಶುರು ಮಾಡುತ್ತಿದ್ದಳಂತೆ. ಒಟ್ಟು ಮೂರು ಸಾವಿರದ ನೂರ ಹನ್ನೆರಡು ಉತ್ತರಗಳು! ನಮ್ಮೊಡನೆ ದಿನಕ್ಕೆ ಹತ್ತು ಮಾತೂ ಆಡದವಳು ಊರು ಕೇರಿ ಗೊತ್ತಿಲ್ಲದವರಿಗೆ ಅಷ್ಟು ಬರೆದಿದ್ದಾಳೆ.

ಆ ತಾಣ ಆಗಸ್ಟ್ 31ಕ್ಕೆ ಮುಚ್ಚುತ್ತದೆ. ಓದುಗರಿಗೆ ಅದರ ಪುಟಗಳು ಹೋದ ತಿಂಗಳೇ ಕಾಣದಾದವು. ಆದರೆ ಎಪಿಐ ಎಂಬ ಇನ್ನೊಂದು ದಾರಿ ಕೊನೆಯ ದಿನದವರೆಗೂ ತೆರೆದಿರುತ್ತದೆ. ಅದು ಮನುಷ್ಯರು ನೋಡುವ ಪುಟವಲ್ಲ. ನಮ್ಮ ಪ್ರೋಗ್ರಾಮು ಹೋಗಿ ಕೇಳುತ್ತದೆ, ಅವರ ಯಂತ್ರ ಕೊಡುತ್ತದೆ. ಖಾತೆಯ ಮಾಲೀಕರ ಗುರುತಿನ ಚೀಟಿ, ಅಂದರೆ ಟೋಕನ್, ಇದ್ದರೆ ಸಾಕು. ಅಮ್ಮನ ಪಾಸ್‌ವರ್ಡು ನನಗೆ ಗೊತ್ತು. ಮುಚ್ಚಿದ ಮೇಲೆ ತಾಣದ ಸಂಗ್ರಹವನ್ನೆಲ್ಲ ಒಂದು ಗ್ರಂಥಾಲಯಕ್ಕೆ ಒಪ್ಪಿಸುತ್ತಾರೆ. ಅಲ್ಲಿಗೆ ಅಮ್ಮನ ಉತ್ತರಗಳು ಈಗಿನಂತೆ ಕಲಸುಮೇಲೋಗರವಾಗಿ ಹೋಗಕೂಡದು. ಪ್ರತಿಯೊಂದನ್ನೂ ಇಳಿಸಿಕೊಂಡು, ವಿಷಯವಾರು ವಿಂಗಡಿಸಿ, ಮೇಲೊಂದು ಶೀರ್ಷಿಕೆ ಕೊಟ್ಟು ಮತ್ತೆ ಅದರ ಜಾಗಕ್ಕೇ ಕಳುಹಿಸುವ ಪ್ರೋಗ್ರಾಮು ಬರೆಯುತ್ತಿದ್ದೇನೆ. ಕೇವಲ ಇಳಿಸಿಕೊಳ್ಳುವುದಾದರೆ ಮೊದಲ ವರ್ಷದ ವಿದ್ಯಾರ್ಥಿಯೂ ಬರೆದಾನು.

ಪರೀಕ್ಷೆಗೆಂದು ತೀರ ಹಳೆಯ ಐವತ್ತನ್ನು ತೆಗೆದು ಅಚ್ಚು ಹಾಕಿದ್ದೇನೆ. ನಿನಗೊಂದು ಪ್ರತಿ, ಹತ್ತು ಹಾಳೆ, ಇದರೊಂದಿಗಿದೆ.

ನಿನ್ನ ತಂಗಿ

*

ಜೂನ್ 15

ರ‍್ಯಾಂಕಮ್ಮ,

ಅಮ್ಮ ಇಟ್ಟ ಹೆಸರು, ಸಿಟ್ಟಾಗಬೇಡ. ನಿನ್ನ ಕಾಗದ ಓದಲು ಕೂತರೆ ಬೆನ್ನು ನೆಟ್ಟಗೆ ಮಾಡಿಕೊಳ್ಳಬೇಕು ಅನಿಸುತ್ತದೆ. ನಮ್ಮ ಕಾರ್ಖಾನೆಯ ಮ್ಯಾನೇಜರು ಹೊರಡಿಸುವ ಸುತ್ತೋಲೆಯೂ ಇಷ್ಟು ಶುದ್ಧವಾಗಿರುವುದಿಲ್ಲ.

ಹಾಳೆಗಳು ತಲುಪಿದವು. ಅಮ್ಮನಿಗೆ ಇಂಥದ್ದೊಂದು ಇತ್ತೆಂದು ನನಗೆ ಹೇಗೆ ಗೊತ್ತಾಗಬೇಕು? ಚೆನ್ನಾಗಿವೆ. ಬೈಯುತ್ತಲೇ ಕಲಿಸುತ್ತಾಳೆ.

ಇಲ್ಲಿ ಎಲ್ಲ ಹಾಗೇ ಇದೆ. ಆಸ್ಪತ್ರೆಯ ನಿಲುವಂಗಿ, ಆಸ್ಪತ್ರೆಯ ಹೊದಿಕೆ. ನಲವತ್ತು ಪದರ ಬಟ್ಟೆ ಒಂದರ ಮೇಲೊಂದು ಹಾಸಿ ಕತ್ತರಿಸುವುದು ನನ್ನ ಕೆಲಸ. ನಲವತ್ತು ರೋಗಿಗಳಿಗೆ ಒಂದೇ ಏಟಿಗೆ ಅಂಗಿ. ಮೈಯಳತೆ ಎಂದು ಯಾರನ್ನೂ ಮುಟ್ಟಿ ಆರು ವರ್ಷವಾಯಿತು.

ಒಂದು ಉಪಕಾರ ಮಾಡು. ನಮ್ಮಲ್ಲಿ ಕಾಜಾ ಹಾಕುವವಳು ಒಬ್ಬಳಿದ್ದಾಳೆ, ಅವಳ ಬಾಯಿಗೆ ಗುಂಡಿ ಹಾಕುವವರು ಮಾತ್ರ ಇನ್ನೂ ಹುಟ್ಟಿಲ್ಲ. ನೀನು ಬರೆದದ್ದನ್ನು ಅವಳಿಗೆ ಹೇಳಿದೆ. "ಅಯ್ಯೋ, ಎಣ್ಣೆ ಡಬ್ಬೀನಾ? ನಾನೂ ಅಲ್ಲಿ ಕೇಳಿದ್ನಲ್ಲ! ಅವರು ನಿಮ್ಮಮ್ಮನಾ?" ಅಂದಳು. ಅಲ್ಲಿ ಅವಳ ಹೆಸರು 'ಹರಿದ ಜೇಬು'. ಫೆಬ್ರವರಿ ಕೊನೆಗೆ ಒಂದು ಪ್ರಶ್ನೆ ಹಾಕಿದ್ದಳಂತೆ. 'ಕೆಲಸ ಕಲಿಸಿದವರ ಮೇಲೆ ಮುನಿಸಿಕೊಂಡು ಬಿಟ್ಟುಬಂದವರು ಬಹಳ ಕಾಲದ ಮೇಲೆ ಹೋಗಿ ಬಾಗಿಲು ತಟ್ಟಿದರೆ ತೆಗೆಯುತ್ತಾರಾ? ನಿಮಗೂ ಅಂಥ ಶಿಷ್ಯರು ಇದ್ದಿರಬೇಕು, ನೀವೇ ಹೇಳಿ.' ಹೀಗೆ. ಉತ್ತರ ಬಂದಿದೆ ಎಂದು ಗುರುತು ಕಾಣಿಸಿತಂತೆ, ಬಿಡಿಸಿ ಓದುವಷ್ಟರಲ್ಲಿ ಏನೋ ಆಗಿ ತಪ್ಪಿಹೋಯಿತಂತೆ. ಈಗ ಪುಟವೇ ಇಲ್ಲ.

ಅವಳಿಗೆ ಆ ಉತ್ತರ ಒಂದು ಬೇಕು. ಬೇರೆ ಏನೂ ಬೇಡ. ಅವಸರವಿಲ್ಲ, ಆದರೆ ಮರೆಯಬೇಡ.

ಅಕ್ಕ

*

ಜೂನ್ 23

ಅಕ್ಕ,

ನಿನ್ನ ಕಾಜಾದವಳಿಗೆ ಧೈರ್ಯ ಹೇಳು. ಮೂರು ಸಾವಿರ ಹುಡುಕುವವಳಿಗೆ ಒಂದು ಭಾರವಲ್ಲ.

ಕೆಲಸ ನಾನೆಣಿಸಿದ್ದಕ್ಕಿಂತ ನಾಜೂಕಾಗಿದೆ, ಆದ್ದರಿಂದಲೇ ಹಿತವಾಗಿದೆ. ಆ ಯಂತ್ರ ಒಂದು ಕೋರಿಕೆಗೆ ಐವತ್ತೇ ಉತ್ತರ ಕೊಡುತ್ತದೆ. ಅವಸರಪಟ್ಟು ಮೇಲಿಂದ ಮೇಲೆ ಕೇಳಿದರೆ ಒಂದು ಸಂಖ್ಯೆ ಹೇಳಿ ಬಾಯಿ ಮುಚ್ಚುತ್ತದೆ. ಹೋಗಿ ಬಾ ಎಂದು ಅರ್ಥ. ಎಲ್ಲದಕ್ಕೂ ಅದರ ಬಳಿ ಸಂಖ್ಯೆಯೇ ಉತ್ತರ. ಇನ್ನೂರರ ಸಾಲಿನದು ಬಂದರೆ ಹೇಳಿದ ಕೆಲಸ ಆಯಿತು, ನಾನೂರರದು ಬಂದರೆ ತಪ್ಪು ನಮ್ಮದು, ಐನೂರರದು ಬಂದರೆ ತಪ್ಪು ಅವರದು. ಇನ್ನೂರರ ಸಾಲು ಬಂದರೆ ಹಸಿರು, ಉಳಿದದ್ದಕ್ಕೆ ಕೆಂಪು ಬಣ್ಣ ತೋರಿಸುವಂತೆ ನನ್ನ ಪ್ರೋಗ್ರಾಮಿಗೆ ಕಲಿಸಿದ್ದೇನೆ. ಮನುಷ್ಯರೂ ಹೀಗೆ ಸಂಖ್ಯೆಯಲ್ಲಿ ಮಾತಾಡಿದ್ದರೆ ನಮ್ಮ ಮನೆಯಲ್ಲಿ ಅರ್ಧ ಜಗಳ ಇರುತ್ತಿರಲಿಲ್ಲ.

ಕಚೇರಿಯಲ್ಲಿ ನನ್ನ ಹಿರಿಯರೊಬ್ಬರಿದ್ದಾರೆ, ಇಪ್ಪತ್ತು ವರ್ಷ ಈ ಕೆಲಸ ಮಾಡಿದವರು. ನನ್ನ ಹೆಗಲ ಮೇಲಿಂದ ಇಣುಕಿ, "ಓದೋ ಹಕ್ಕು ಸಾಕಲ್ಲಮ್ಮಾ, ಬರೆಯೋದು, ಅಳಿಸೋದು ಎಲ್ಲಾ ಯಾಕೆ ತಗೊಂಡೆ ಟೋಕನ್ನಿಗೆ?" ಎಂದು ಕೇಳಿದರು.

"ಬೇಕಾಗ್ಬಹುದು ಸರ್."

"ಬೇಕಾದಾಗ ಕೇಳು."

"ಒಂದೇ ಕೆಲಸಕ್ಕೆ ಎರಡು ಸಲ ಅರ್ಜಿ ಹಾಕೋದು ನನಗೆ ಒಗ್ಗಲ್ಲ ಸರ್."

"ರ‍್ಯಾಂಕು ಬಂದವರ ಜೊತೆ ವಾದ ಮಾಡ್ಬಾರ್ದು ಅಂತ ನಮ್ಮನೆಯವಳು ಹೇಳ್ತಿರ್ತಾಳೆ. ಅವಳಿಗೂ ಬಂದಿತ್ತು," ಎಂದು ನಗುತ್ತ ಹೋದರು. ಒಳ್ಳೆಯವರೇ, ಆದರೆ ಹೆದರಿ ಹೆದರಿ ಕೆಲಸ ಮಾಡುವ ಕಾಲದವರು.

ನನ್ನ ಪ್ರೋಗ್ರಾಮಿನ ಸೊಗಸು ಏನೆಂದರೆ, ಅದು ಎರಡು ಕಡೆಯನ್ನೂ ಸಮ ಮಾಡುತ್ತದೆ. ಇಲ್ಲಿ ನನ್ನ ಕಂಪ್ಯೂಟರಿನ ಫೋಲ್ಡರಿನಲ್ಲಿ ಏನಿದೆಯೋ ಅಲ್ಲಿ ತಾಣದಲ್ಲೂ ಅದೇ ಇರಬೇಕು. ಇಲ್ಲಿ ತಿದ್ದಿದರೆ ಅಲ್ಲಿಯೂ ತಿದ್ದುತ್ತದೆ. ಬರುವ ಭಾನುವಾರ ಬೆಳಿಗ್ಗೆ ಓಡಿಸುತ್ತೇನೆ.

ನಿನ್ನ ತಂಗಿ

*

ಜೂನ್ 28, ಭಾನುವಾರ

ಅಕ್ಕ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳಲೇಬೇಕು, ಹೇಳಲು ನೀನಲ್ಲದೆ ಯಾರೂ ಇಲ್ಲ, ನಿನಗೆ ಹೇಳಲಾರೆ.

ಹತ್ತು ಗಂಟೆಗೆ ಪ್ರೋಗ್ರಾಮು ಓಡಿಸಿದೆ. ಅದಕ್ಕೆ ಮೊದಲು, ಅಚ್ಚುಕಟ್ಟಾಗಿ ಆರಂಭವಾಗಲೆಂದು, ಪರೀಕ್ಷೆಗೆ ತಂದಿದ್ದ ಐವತ್ತನ್ನೂ ಅಳಿಸಿ ಫೋಲ್ಡರನ್ನು ಖಾಲಿ ಮಾಡಿದೆ. ಪರದೆಯ ಮೇಲೆ ಹಸಿರು ಸಾಲುಗಳು ಒಂದರ ಕೆಳಗೊಂದು ಬರತೊಡಗಿದವು. ನಾನು ಕೈಕಟ್ಟಿ ಕೂತು ನೋಡಿದೆ. ಅಕ್ಕ, ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಒಮ್ಮೆ ಎದ್ದು ಹೋಗಿ ಅಮ್ಮನ ಫೋಟೊದ ಮುಂದೆ ನಿಂತು ಬಂದೆ. ಒಂದೂ ಕೆಂಪಿಲ್ಲ. ಮೂರು ಸಾವಿರದ ನೂರ ಹನ್ನೆರಡು ಹಸಿರು ಸಾಲು ಮುಗಿದ ಮೇಲೆ ಫೋಲ್ಡರು ತೆರೆದರೆ ಒಳಗೆ ಏನೂ ಇಲ್ಲ.

ಎರಡು ಕಡೆಯನ್ನೂ ಸಮ ಮಾಡು ಎಂದಿದ್ದೆ. ಇಲ್ಲಿ ಖಾಲಿ ಇತ್ತು, ಅಲ್ಲಿ ತುಂಬಿತ್ತು. ಇಲ್ಲಿರುವುದೇ ಸರಿ ಎಂದು ತಿಳಿದು ಅಲ್ಲಿಯೂ ಖಾಲಿ ಮಾಡಿತು. ಒಂದೊಂದನ್ನೇ ಅಳಿಸು ಎಂದು ಅದು ಕೇಳಿತು, ಪ್ರತಿ ಸಲವೂ ಆ ಯಂತ್ರ 'ಆಯಿತು' ಎಂದಿತು. ಉತ್ತರವೊಂದನ್ನು ಕೊಟ್ಟಾಗ ಬರುವ ಸಂಖ್ಯೆ ಇನ್ನೂರು. ಅಳಿಸಿದಾಗ ಬರುವುದು ಇನ್ನೂರ ನಾಲ್ಕು. ನಾನು ಎರಡಕ್ಕೂ ಒಂದೇ ಬಣ್ಣ ಬಳಿದಿದ್ದೆ. ಕೊನೆಯ ಅಂಕಿಯನ್ನು ನೋಡಲಿಲ್ಲ. ಹಸಿರು ಕಂಡಿತು, ಸಾಕಾಯಿತು.

ತಾಣದ ಸಹಾಯ ವಿಭಾಗಕ್ಕೆ ಬರೆದೆ. ಮೂರು ಗಂಟೆಯ ಒಳಗೆ ಒಂದು ಸಾಲು ಬಂತು: ಖಾತೆಯ ಮಾಲೀಕರೇ ಅಳಿಸಿದ್ದನ್ನು ಮರಳಿ ತರಲಾಗುವುದಿಲ್ಲ. ಖಾತೆಯ ಮಾಲೀಕಳು ಸತ್ತು ನಾಲ್ಕು ತಿಂಗಳಾಗುತ್ತ ಬಂದಿದೆ. ಅವಳ ಹೆಸರಿನಲ್ಲಿ ಅವಳ ಮಾತನ್ನೆಲ್ಲ ಅಳಿಸಿದವಳು ನಾನು.

ಎಪಿಐ ಬಳಕೆಯ ಕೈಪಿಡಿಯ ನಾಲ್ಕನೆಯ ಪುಟದಲ್ಲಿ ಬರೆದಿತ್ತು: ಅಳಿಸುವ ಮೊದಲು ಪ್ರತಿ ಇಟ್ಟುಕೊಳ್ಳಿ. ಮೂರನೆಯ ಪುಟದವರೆಗೆ ಓದಿ, ಉಳಿದದ್ದು ನನಗೆ ಗೊತ್ತೇ ಇದೆ ಎಂದುಕೊಂಡಿದ್ದೆ.

*

ಜೂನ್ 30

ಅಕ್ಕ,

ಕೆಲಸ ನಡೆಯುತ್ತಿದೆ. ಆ ಕಡೆಯವರ ಯಂತ್ರ ತುಸು ನಿಧಾನ. ಗಂಟೆಗೆ ಇಷ್ಟೇ ಎಂದು ಕಟ್ಟುನಿಟ್ಟು ಮಾಡಿದ್ದಾರೆ. ನಿನ್ನ ಗೆಳತಿಯ ಉತ್ತರ ಇನ್ನೂ ನನ್ನ ಕೈಗೆ ಬಂದಿಲ್ಲ. ಅವರು ಅದಕ್ಕಾಗಿ ಕಾಯುವಷ್ಟು ಮುಖ್ಯವಾದದ್ದೇ? ಅಮ್ಮ ಹೊಲಿಗೆಯ ಹೊರಗಿನ ಪ್ರಶ್ನೆಗಳಿಗೆ ಒಂದೆರಡು ಸಾಲಿಗಿಂತ ಹೆಚ್ಚು ಬರೆದವಳಲ್ಲ.

ಆರೋಗ್ಯ ನೋಡಿಕೊ.

ನಿನ್ನ ತಂಗಿ

*

ಜುಲೈ 11

ಪುಟ್ಟಿ,

ಏನಾಯಿತು? ನಿನ್ನ ಕಾಗದ ಅಂಗೈ ಅಗಲ. ಹುಷಾರಿಲ್ಲವಾ? ಕಚೇರಿಯಲ್ಲಿ ಯಾರಾದರೂ ಏನಾದರೂ ಅಂದರಾ? ನಿನಗೆ ಯಾರಾದರೂ ಒಂದು ಮಾತು ಅಂದರೆ ನೀನು ಮೂರು ದಿನ ಊಟ ಬಿಡುವವಳು, ನನಗೆ ಗೊತ್ತು.

ಉತ್ತರದ ವಿಷಯ. ಒಂದು ಸಾಲಾದರೂ ಸರಿ, ಅರ್ಧ ಸಾಲಾದರೂ ಸರಿ. ಅವಳು ದಿನಾ ಕೇಳುತ್ತಾಳೆ. "ಬಂತಾ?" ಅನ್ನುತ್ತಾಳೆ, ಊಟದ ಡಬ್ಬಿ ತೆಗೆಯುವಾಗ, ಕೈ ತೊಳೆಯುವಾಗ. ತಾನು ಬಿಟ್ಟುಬಂದ ಜಾಗಕ್ಕೆ ವಾಪಸು ಹೋಗಬೇಕೋ ಬೇಡವೋ ಎನ್ನುವುದನ್ನೇ ಅದರ ಮೇಲೆ ಇಟ್ಟುಕೊಂಡಿದ್ದಾಳೆ. ಹುಚ್ಚು, ಇನ್ನೇನು. ಆದರೆ ಮನುಷ್ಯರು ಹಾಗೇ. ಎರಡು ತಿಂಗಳಲ್ಲಿ ತಾಣವೇ ಇರುವುದಿಲ್ಲ ಅಂದೆಯಲ್ಲ. ಅಷ್ಟರೊಳಗೆ ದಯವಿಟ್ಟು.

ದಯವಿಟ್ಟು ಅಂತ ನಾನು ನಿನಗೆ ಯಾವತ್ತಾದರೂ ಅಂದಿದ್ದೇನಾ?

ಅಕ್ಕ

*

ಜುಲೈ 20

ಅಕ್ಕ,

ನಿನ್ನ ಗೆಳತಿಯ ಪ್ರಶ್ನೆಗೆ ಅಮ್ಮ ಬರೆದ ಉತ್ತರ ಸಿಕ್ಕಿತು. ಬೇರೆ ಹಾಳೆಯಲ್ಲಿ ಅಚ್ಚು ಹಾಕಿ ಇದರೊಂದಿಗೆ ಇಟ್ಟಿದ್ದೇನೆ. ತಡವಾದದ್ದಕ್ಕೆ ಅವರಲ್ಲಿ ಕ್ಷಮೆ ಕೇಳಿದೆನೆಂದು ಹೇಳು.

ನಿನ್ನ ತಂಗಿ

'ಮುನಿಸಿಕೊಂಡು ಹೋದವರು ಹೋದ ದಿನವೇ ತಿರುಗಿ ನೋಡಬೇಕಿತ್ತು. ಇಷ್ಟು ಕಾಲ ಆದ ಮೇಲೆ ಬಾಗಿಲು ತಟ್ಟುವುದು ಕಲಿಸಿದವರಿಗಾಗಿ ಅಲ್ಲ, ನಿಮ್ಮ ಸಮಾಧಾನಕ್ಕೆ. ಅವರು ನೀವಿಲ್ಲದೆ ಇರುವುದನ್ನು ಕಲಿತಿದ್ದಾರೆ. ಆ ಬಾಗಿಲು ಬಿಟ್ಟುಬಿಡಿ. ಕೈ ಮಾತ್ರ ಸುಮ್ಮನಿರಿಸಬೇಡಿ, ಕಲಿಸಿದ್ದಕ್ಕೆ ಅಷ್ಟು ಸಾಕು. ಎಣ್ಣೆ ಡಬ್ಬಿ.'

*

ಆಗಸ್ಟ್ 8

ಪುಟ್ಟಿ,

ಕಾಗದ ಬಂದು ಹದಿನೈದು ದಿನವಾಯಿತು. ಬರೆಯಲು ಕೂತಾಗಲೆಲ್ಲ ಪೆನ್ನು ಮುಚ್ಚಿ ಇಟ್ಟೆ.

ಕಾಜಾದವಳು ಏನೂ ಕೇಳಿಲ್ಲ. ಅವಳಿಗೆ ಕಂಪ್ಯೂಟರು ಅಂದರೆ ಸಿನಿಮಾ ನೋಡುವ ಡಬ್ಬ. ಹರಿದ ಜೇಬು ನಾನೇ.

ನಾಲ್ಕು ವರ್ಷದ ಹಿಂದೆ, ಊಟದ ಬಿಡುವಿನಲ್ಲಿ, ಇಲ್ಲಿನ ಕಚೇರಿಯ ಕಂಪ್ಯೂಟರಿನಲ್ಲಿ ಅಮ್ಮನ ಉತ್ತರವೊಂದು ಕಣ್ಣಿಗೆ ಬಿತ್ತು. ಎರಡು ಸಾಲು ಓದಿದ ಕೂಡಲೇ ಗೊತ್ತಾಯಿತು. ಗೊತ್ತಿದ್ದ ವಿಷಯವನ್ನೇ ಕೇಳಿದೆ: ದಾರ ಮತ್ತೆ ಮತ್ತೆ ತುಂಡಾಗುತ್ತದೆ, ಏನು ಮಾಡಲಿ? 'ಇಷ್ಟೂ ಗೊತ್ತಿಲ್ಲದೆ ಮೆಷಿನ್ ಮುಂದೆ ಕೂತಿರಾ?' ಅಂತ ಬೈದಳು. ಆ ಮಧ್ಯಾಹ್ನ ನಾನು ಎಷ್ಟು ಖುಷಿಯಾಗಿದ್ದೆ ಅಂತ ನಿನಗೆ ಹೇಗೆ ಹೇಳಲಿ. ಆಮೇಲೆ ನಲವತ್ತು ಪ್ರಶ್ನೆ ಕೇಳಿದೆ. ಎಲ್ಲ ಗೊತ್ತಿದ್ದದ್ದೇ.

ಅವಳಿಗೆ ಹುಷಾರಿಲ್ಲ ಅಂತ ನೀನು ಹೇಳಿದ ವಾರ ಕೊನೆಯದನ್ನು ಕೇಳಿದೆ. ಒಂದು ಉತ್ತರ ಬಂದಿದೆ ಅಂತ ಗುರುತು ಬಿತ್ತು. ಬಿಡಿಸಲು ಹೆದರಿಕೆಯಾಯಿತು. ನಾಳೆ ಓದೋಣ ಅಂದುಕೊಂಡೆ. ಮರುದಿನ ಬೆಳಿಗ್ಗೆ ಅಮ್ಮ ಹೋದಳು ಅಂತ ನಿನ್ನ ಫೋನು ಬಂತು. ಆಮೇಲೆ ಓದುವ ಧೈರ್ಯ ಇನ್ನೂ ಇಲ್ಲವಾಯಿತು. ಅಷ್ಟರಲ್ಲಿ ಪುಟವೇ ಹೋಯಿತು.

ಗಿರಾಕಿಗಳ ಎದುರಿಗೆ, 'ನಿನ್ನ ಹತ್ತಿರ ಕಲಿತದ್ದೇ ನನ್ನ ಗ್ರಹಚಾರ' ಅಂದು ಬಂದವಳು ನಾನು. ಅವಳು, 'ಇನ್ನು ಈ ಬಾಗಿಲಿಗೆ ಬರಬೇಡ' ಅಂದಳು. ನೀನು ಒಳಗೆ ಓದಿಕೊಳ್ಳುತ್ತಿದ್ದೆ, ಕೇಳಿಸಿರಬೇಕು. ಅವಳು ಅದನ್ನು ಬಾಯಿಮಾತಿಗೆ ಅಂದಳು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅಲ್ಲ. ಅವಳಿಗೆ ನಾನು ಯಾರು ಅಂತ ಗೊತ್ತಿತ್ತು ಪುಟ್ಟಿ. ಯಾರೋ ಏನೋ ಅಂದುಕೊಂಡಿದ್ದರೆ ಅಷ್ಟು ಕಡ್ಡಿ ಮುರಿದ ಹಾಗೆ ಬರೆಯುತ್ತಿರಲಿಲ್ಲ.

ಓದಿದ ದಿನ ಗುರುತು ಬಿಟ್ಟು ಕತ್ತರಿ ಓಡಿಸಿಬಿಟ್ಟೆ. ನಲವತ್ತು ಪದರವೂ ಹಾಳು.

ಇಲ್ಲಿ ಬಿಟ್ಟು ಬಂದು, ನಿನ್ನ ಜೊತೆ ಇದ್ದು, ಅಂಗಡಿ ಮತ್ತೆ ತೆಗೆಯೋಣ ಅಂತ ಲೆಕ್ಕ ಹಾಕಿದ್ದೆ. ಅದೂ ಈ ಉತ್ತರಕ್ಕೇ ಕಾದಿತ್ತು. ಇನ್ನು ಬೇಡ. ಅಂಗಡಿಯನ್ನು ಯಾರಿಗಾದರೂ ಬಿಟ್ಟುಕೊಡು. ಅವಳೇ ಬೇಡ ಅಂದ ಬಾಗಿಲಿಗೆ ನಾನು ಬರುವುದಿಲ್ಲ.

ಅಕ್ಕ

*

ಆಗಸ್ಟ್ 12

ಅಕ್ಕ,

ಆ ಉತ್ತರವನ್ನು ಅಮ್ಮ ಬರೆಯಲಿಲ್ಲ. ನಾನು ಬರೆದೆ.

ಇದೊಂದು ವಾಕ್ಯವನ್ನು ಮೊದಲು ಮೂರು ಸಲ ಓದು. ಉಳಿದದ್ದನ್ನು ಆಮೇಲೆ ಓದು.

ಜೂನ್ 28ರಂದು ನನ್ನ ಪ್ರೋಗ್ರಾಮು ಅಮ್ಮನ ಎಲ್ಲ ಉತ್ತರಗಳನ್ನೂ ಅಳಿಸಿಹಾಕಿತು. ಪ್ರೋಗ್ರಾಮು ಎನ್ನುವುದೂ ಜಾರಿಕೊಳ್ಳುವ ಮಾತೇ, ಅಳಿಸಿದವಳು ನಾನು. ಉಳಿದದ್ದು ಕಾಗದದ ಮೇಲಿದ್ದ ಐವತ್ತು, ಅವೂ ನೀನು ಕೇಳುವುದಕ್ಕೆ ಎಷ್ಟೋ ವರ್ಷ ಹಿಂದಿನವು. ಆ ದಿನ ಬರೆದು ಕಳುಹಿಸದೆ ಉಳಿಸಿಕೊಂಡ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಅಂದು ನಡೆದದ್ದಕ್ಕೆ ಯಂತ್ರವೇ ಬರೆದಿಟ್ಟ ದಾಖಲೆಯನ್ನೂ ಅಚ್ಚು ಹಾಕಿ ಇಟ್ಟಿದ್ದೇನೆ. ಅದರ ಪ್ರತಿ ಸಾಲಿನ ಕೊನೆಗೆ ಇನ್ನೂರ ನಾಲ್ಕು ಎಂದಿದೆ, ಅಂದರೆ ಅಳಿಸಿದೆ ಎಂದು. ಮೂರು ಸಾವಿರದ ನೂರ ಹನ್ನೆರಡು ಸಾಲು. ಎಣಿಸಬೇಡ, ನಾನು ಎಣಿಸಿದ್ದೇನೆ.

ನೀನು ಮತ್ತೆ ಮತ್ತೆ ಕೇಳಿದೆ. ಕಳೆದೆ ಎಂದು ಹೇಳಲು ನನ್ನಿಂದ ಆಗಲಿಲ್ಲ. ಇಡೀ ಬದುಕಿನಲ್ಲಿ ನನಗೆ ಬಂದಿರುವುದು ಒಂದೇ ವಿದ್ಯೆ, ಕೇಳಿದ ಪ್ರಶ್ನೆಗೆ ಉತ್ತರ ಬರೆಯುವುದು. ಹಾಳೆ ಖಾಲಿ ಬಿಟ್ಟು ಎದ್ದುಬಂದವಳಲ್ಲ. ಅಮ್ಮನ ಐವತ್ತು ಉತ್ತರಗಳನ್ನು ಮುಂದಿಟ್ಟುಕೊಂಡು, ಅವಳು ವಾಕ್ಯ ಮುರಿಯುವ ರೀತಿ, ಬೈದು ಕೊನೆಗೊಂದು ಕೆಲಸ ಹಚ್ಚುವ ರೀತಿ, ಎಲ್ಲವನ್ನೂ ಎರಡು ದಿನ ಅಭ್ಯಾಸ ಮಾಡಿ ಬರೆದೆ. ಮೆತ್ತಗೆ ಬರೆದರೆ ಅಮ್ಮನದೆಂದು ನೀನು ನಂಬಲಿಕ್ಕಿಲ್ಲ ಎಂದು ಬೇಕೆಂದೇ ಬಿರುಸಾಗಿ ಬರೆದೆ. ನಂಬಿಸುವುದೊಂದೇ ನನ್ನ ಲಕ್ಷ್ಯವಾಗಿತ್ತು. ಕೇಳಿದವರು ಯಾರು, ಏಕೆ ಕೇಳಿದರು ಎಂದು ನಿಂತು ಯೋಚಿಸಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಪ್ರಶ್ನೆಯನ್ನೇ ಓದದೆ ಉತ್ತರ ಬರೆದ ಮೊದಲ ಪರೀಕ್ಷೆ ನನಗೆ ಇದು.

ಇನ್ನೊಂದು ಮಾತು ಹೇಳಲೇಬೇಕು. 'ಅವರು ನೀವಿಲ್ಲದೆ ಇರುವುದನ್ನು ಕಲಿತಿದ್ದಾರೆ' ಎಂಬ ವಾಕ್ಯ ಅಮ್ಮನ ಐವತ್ತರಲ್ಲಿ ಎಲ್ಲಿಯೂ ಇಲ್ಲ. ಅದು ಎಲ್ಲಿಂದ ಬಂತೆಂದು ನನಗೆ ಈಗ ಗೊತ್ತು. ನೀನು ಹೋದಾಗ ನನಗೆ ಹದಿನೇಳು. ನನಗೂ ನೀನು ಹೇಳಿಹೋಗಲಿಲ್ಲ.

ಅಮ್ಮ ನಿಜವಾಗಿ ಏನು ಬರೆದಿದ್ದಳೋ ನನಗೆ ತಿಳಿಯದು. ಬಾ ಎಂದಿರಬಹುದು. ಇನ್ನು ಯಾರಿಗೂ ತಿಳಿಯುವುದಿಲ್ಲ.

ನಿನ್ನ ತಂಗಿ

*

ಆಗಸ್ಟ್ 24

ಪುಟ್ಟಿ,

ನೀನು ಒಳ್ಳೆಯವಳು. ನಿನ್ನ ಬಿಗುಮಾನ ನೋಡಿ ಜನಕ್ಕೆ ಗೊತ್ತಾಗುವುದಿಲ್ಲ. ನನಗೋಸ್ಕರ ಇಷ್ಟು ದೊಡ್ಡ ಕಥೆ ಕಟ್ಟಿದೆಯಲ್ಲ, ಓದಿ ಅಳು ಬಂತು. ನೀನು ಒಂದು ತಪ್ಪು ಒಪ್ಪಿಕೊಂಡದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಮಾಡದೆ ಇರುವ ತಪ್ಪನ್ನು ಒಪ್ಪಿಕೊಳ್ಳುತ್ತೀಯಾ ಅಂತ ಅಂದುಕೊಂಡಿರಲೂ ಇಲ್ಲ.

ಆದರೆ ಸುಳ್ಳು ಹೇಳಲು ನಿನಗೆ ಬರುವುದಿಲ್ಲ. ಒಂದೇ ಸಂಖ್ಯೆ ಮೂರು ಸಾವಿರ ಸಲ ಇರುವ ಕಾಗದದ ಕಟ್ಟು ಕಳಿಸಿದ್ದೀಯ. ಅದರಿಂದ ನನಗೆ ಏನು ತಿಳಿಯಬೇಕು? ಪ್ರೋಗ್ರಾಮು ಬರೆಯುವವಳಿಗೆ ಅಂಥದ್ದನ್ನು ಅಚ್ಚು ಹಾಕಲು ಎಷ್ಟು ಹೊತ್ತು? ಹಳೆಯ ತಾರೀಖು ಹಾಕಿ ಒಂದು ಪತ್ರ ಬರೆಯಲು ಎಷ್ಟು ಹೊತ್ತು? ಮೂರು ಸಾವಿರ ಉತ್ತರವನ್ನು ನೀನು, ನೀನು, ನೋಡದೆ ಅಳಿಸಿದೆ ಅಂತ ನಂಬಬೇಕಾ? ಕಾಲೇಜಿಗೆಲ್ಲ ಮೊದಲು ಬಂದವಳು? ಬೇರೆ ಏನಾದರೂ ಹೇಳು.

ಮತ್ತೆ, ಆ ಉತ್ತರ ನಿನ್ನಿಂದ ಬರೆಯಲು ಆಗದು. ಕೈ ಸುಮ್ಮನಿರಿಸಬೇಡ ಅಂತ ಅವಳು ನನಗೆ ಎಷ್ಟು ಸಲ ಹೇಳಿದ್ದಾಳೆ ಲೆಕ್ಕವಿಲ್ಲ. ಓದುವಾಗ ಅವಳ ಧ್ವನಿಯೇ ಕಿವಿಗೆ ಬೀಳುತ್ತದೆ. ಕತ್ತರಿಸುವ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಬೇಡ ಅಂದಳು, ಸರಿ. ಆದರೆ ಆರು ವರ್ಷದ ಮೇಲೆ ನನಗೆ ಅಂತಲೇ ಅವಳು ಆಡಿದ ಮಾತು ಅದು. ಅದನ್ನೂ ಇಲ್ಲ ಅಂತ ಮಾಡಬೇಡ.

ಅಕ್ಕ

*

ಸೆಪ್ಟೆಂಬರ್ 1

ಅಕ್ಕ,

ಶನಿವಾರ ನಿನ್ನ ಕಾರ್ಖಾನೆಯ ಗೇಟಿನಲ್ಲಿ ನಿಂತು ಬಾಯಿಬಿಟ್ಟು ಹೇಳಿದೆ. ಅದಕ್ಕಿಂತ ಹೆಚ್ಚಿನದು ನನ್ನ ಕೈಯಲ್ಲಿ ಇರಲಿಲ್ಲ. ಟೀ ಬಿಡುವಿನ ಹತ್ತು ನಿಮಿಷದಲ್ಲಿ ನೀನು ತಲೆಗೂದಲಿನ ಮೇಲೆ ನೂಲಿನ ಧೂಳು ಹೊತ್ತು ಹೊರಗೆ ಬಂದೆ. ಬಾಯಿಪಾಠ ಮಾಡಿಕೊಂಡು ಬಂದಿದ್ದೆಲ್ಲ ಒಪ್ಪಿಸಿದೆ. ನೀನು ಏಪ್ರನ್ನಿನ ಜೇಬಿನಿಂದ ಪೆನ್ನು ತೆಗೆದು, ಕಟಿಂಗಿನ ಕಾಗದದ ಒಂದು ಚೂರು ಹರಿದು ಕೊಟ್ಟು ಹೇಳಿದೆ: "ನೀನೇ ಬರ್ದಿದ್ದು ಅಂದ್ಯಲ್ಲ. ಬರಿ ನೋಡೋಣ. ಇಲ್ಲೇ, ನನ್ನೆದುರಿಗೆ, ಅಮ್ಮ ಬರೆದ ಹಾಗೆ."

ನಿನ್ನ ಹಿಂದೆ ನಿಂತಿದ್ದ ಕಾಜಾದವಳು, "ಇವರೇನಾ ನಿಮ್ಮ ರ‍್ಯಾಂಕಮ್ಮ? ಇಲ್ಲೂ ಪರೀಕ್ಷೆನಾ ಪಾಪ!" ಎಂದಳು. ನೀನೂ ನಕ್ಕೆ.

ನಾನು ಬರೆದಿದ್ದ ಆ ಐದಾರು ವಾಕ್ಯ ನನಗೆ ಕಣ್ಣುಮುಚ್ಚಿದರೂ ಬರುತ್ತವೆ. ಅವನ್ನೇ ಮತ್ತೆ ಬರೆದುಕೊಟ್ಟಿದ್ದರೂ ಸಾಕಿತ್ತೇನೋ. ನೋಡದೆ ಹೇಗೆ ಬರೆದೆ ಎಂದು ನೀನು ಒಂದು ಕ್ಷಣವಾದರೂ ಅನುಮಾನಿಸುತ್ತಿದ್ದೆ. ಪೆನ್ನು ಊರಿದೆ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ, ಕಣ್ಣಿನ ಕೆಳಗೆ ಕಪ್ಪಾಗಿತ್ತು. ಕಾಣದಿದ್ದವಳಿಗೆ ಬರೆದದ್ದನ್ನು ಕಣ್ಣೆದುರಿಗೆ ನಿಂತವಳಿಗೆ ಬರೆಯಲಾಗಲಿಲ್ಲ. 'ಬಾಗಿಲು ತೆಗೆದಿದೆ. ಇವತ್ತೇ ಬಾ' ಎಂದು ಬರೆದುಕೊಟ್ಟೆ.

ನೀನು ಓದಿ, ಕಾಗದವನ್ನು ಎರಡು ಸಲ ಮಡಚಿ ನನ್ನ ಕೈಗೇ ಇಟ್ಟೆ. "ನೋಡ್ದ್ಯಾ? ಅಮ್ಮ ಹೀಗೆ ಬರೀತಾಳಾ? ನಿನಗೆ ಆಗಲ್ಲ ಪುಟ್ಟಿ. ಸುಮ್ನೆ ಯಾಕೆ ಒದ್ದಾಡ್ತೀಯ, ಹೋಗು, ಬಸ್ಸು ತಪ್ಪುತ್ತೆ," ಎಂದು ನನ್ನ ಕೆನ್ನೆ ತಟ್ಟಿ ಒಳಗೆ ಹೋದೆ. ಗೇಟಿನವನು ಬಾಗಿಲು ಎಳೆದುಕೊಂಡ.

ನಿನ್ನೆ ತಾಣದ ಕೊನೆಯ ದಿನ. ಮಧ್ಯಾಹ್ನ ಎಪಿಐಗೆ ಹೋಗಿ ಹರಿದ ಜೇಬಿನ ಕೊನೆಯ ಪ್ರಶ್ನೆಯನ್ನು ಕೇಳಿದೆ. ಕೊಟ್ಟಿತು. ನೀನು ಪತ್ರದಲ್ಲಿ ಬರೆದದ್ದಕ್ಕಿಂತ ಒಂದು ವಾಕ್ಯ ಹೆಚ್ಚಿದೆ: 'ನಾನು ಕಾಯುತ್ತೇನೆ, ನಿಧಾನವಾಗಿ ಬರೆಯಿರಿ.' ಅದರ ಕೆಳಗೆ ಉತ್ತರಗಳ ಸಂಖ್ಯೆ ಸೊನ್ನೆ.

ಅಮ್ಮನ ಹೆಸರಿನಲ್ಲಿ ಬರೆಯುವ ಹಕ್ಕು ನನ್ನ ಬಳಿ ಸಂಜೆಯವರೆಗೂ ಇತ್ತು. ಆ ಸೊನ್ನೆಯ ಜಾಗದಲ್ಲಿ 'ಬಾ' ಎಂದು ಹಾಕಿದ್ದರೆ ಅದು ಗ್ರಂಥಾಲಯಕ್ಕೆ ಹೋಗಿ, ಎಣ್ಣೆ ಡಬ್ಬಿಯ ಏಕೈಕ ಉತ್ತರವಾಗಿ ಎಂದೆಂದಿಗೂ ಉಳಿಯುತ್ತಿತ್ತು. ಎಂದಾದರೂ ನಿನಗೆ ತೋರಿಸಬಹುದಿತ್ತು. ಈ ಸಲ ನೀನು ನಂಬುವ ಹಾಗೆ ಬರೆಯುವುದು ಹೇಗೆಂದೂ ನನಗೆ ಗೊತ್ತಿತ್ತು. ಬೈದು, ಕೆಲಸ ಹಚ್ಚಿ, ಕೊನೆಗೆ ಬಾ ಎನ್ನುವುದು. ಬರೆದೆ. ಚೆನ್ನಾಗಿಯೇ ಬಂದಿತ್ತು. ಒಂದು ಗುಂಡಿ ಒತ್ತುವುದು ಬಾಕಿ ಇತ್ತು.

ಒತ್ತಲಿಲ್ಲ. ಬರೆದದ್ದನ್ನು ಅಳಿಸಿ, ಟೋಕನ್ನನ್ನು ರದ್ದು ಮಾಡಿದೆ. ಇನ್ನು ಅಮ್ಮನ ಹೆಸರಿನಲ್ಲಿ ಯಾರೂ ಏನೂ ಹೇಳಲಾರರು, ನಾನೂ ಸೇರಿ. ಐದು ಗಂಟೆಗೆ ತಾಣ ಮುಚ್ಚಿತು.

ಆ ಹಾಳೆ ನಿನ್ನ ಡ್ರಾಯರಿನಲ್ಲೇ ಇರಲಿ, ಮತ್ತೆ ಕೇಳುವುದಿಲ್ಲ. ಅಮ್ಮನ ಮಾತೆಂದು ನೀನು ಅದನ್ನು ಓದುವಾಗೆಲ್ಲ ಅದು ನನ್ನ ಮಾತೆಂದು ಇಲ್ಲಿ ಒಬ್ಬಳಿಗೆ ಗೊತ್ತಿರುತ್ತದೆ.

ನಿನ್ನ ತಂಗಿ